ಕಾಕಾನ ಕಾರಿನ ಗಾಜು, ನಾನು ಓದದೇ ಬಿಟ್ಟ ತಾರೀಖು

ಕಳೆದ ಮೇ ತಿಂಗಳಲ್ಲಿ, ಅಂದ್ರೆ ಸೆಕೆಂಡ್ ಸೆಮ್ ರಜೆಯಲ್ಲಿ, ನಾನು ಶಹಾಪುರದ ಮನೆಯಲ್ಲಿದ್ದೆ. ನಮ್ಮ ಕಾಕಾಗೆ ಸುರಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ದಿನಾ ಮುಂಜಾನೆ ಕಾರಲ್ಲಿ ಹೋಗಿ ರಾತ್ರಿ ವಾಪಸ್ ಬರ್ತಾರೆ. ಬೀದರ್–ಶ್ರೀರಂಗಪಟ್ಟಣ ರಸ್ತೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ರಸ್ತೆ ಅದು. ಲಾರಿ, ಟ್ರ್ಯಾಕ್ಟರ್, ಬಸ್ಸು, ಟಿಪ್ಪರ್ ಎಲ್ಲಾ ಅದರ ಮೇಲೇ. ಆ ದಿನ ಎದುರಿಂದ ಬಂದ ಒಂದು ಖಡಿ ಟಿಪ್ಪರ್‌ನಿಂದ (ದಕ್ಷಿಣದ ಗೆಳೆಯರೇ, ನೀವು ಜಲ್ಲಿ ಅಂತೀರಲ್ಲ, ಅದು) ಒಂದು ಕಲ್ಲು ಹಾರಿ ಕಾರಿನ ಮುಂದಿನ ಗಾಜಿಗೆ ಬಡೀತು. ಮೊದಲು ಎಂಟಾಣೆಯಷ್ಟು ಗುರುತು. ಕಾಕಾ ಅದರ ಮೇಲೆ ಫೆವಿಕ್ವಿಕ್ ಹಚ್ಚಿದರು. ಮೂರನೇ ದಿನ ಮಧ್ಯಾಹ್ನ, ಅಂಗಡಿ ಮುಂದೆ ಬಿಸಿಲಲ್ಲಿ ನಿಂತಿದ್ದ ಕಾರಿನ ಎಸಿ ಹಾಕಿದ್ದೇ ತಡ, ಬಿರುಕು ಎಡದಿಂದ ಬಲಕ್ಕೆ ಓಡಿತು.

ಮಟೀರಿಯಲ್ ಸೈನ್ಸ್ ಓದಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮುಂದಿನ ಗಾಜು ಲ್ಯಾಮಿನೇಟೆಡ್. ಎರಡು ಗಾಜಿನ ಹಾಳೆ, ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ. ಅದಕ್ಕೇ ಒಡೆದರೂ ಪುಡಿಯಾಗಿ ಮುಖಕ್ಕೆ ಬೀಳಲ್ಲ, ಬಾಗಿಲಿನ ಟೆಂಪರ್ಡ್ ಗಾಜು ಮಾತ್ರ ಸಣ್ಣ ಸಣ್ಣ ಹರಳಾಗಿ ಉದುರುತ್ತೆ. ಆದ್ರೆ ಬಿರುಕಿನ ತುದಿಯಲ್ಲಿ ಸ್ಟ್ರೆಸ್ ಒತ್ತಿಕೊಂಡು ಕೂತಿರುತ್ತೆ. ಹೊರಗೆ ಮೇ ಬಿಸಿಲು, ಒಳಗೆ ಎಸಿ ಗಾಳಿ, ಅಷ್ಟೇ ಸಾಕು. ಗುರುತು ಚಿಕ್ಕದಿದ್ದಾಗಲೇ ರೆಸಿನ್ ತುಂಬಿಸಿದ್ದರೆ ಬಹುಶಃ ಉಳೀತಿತ್ತು. ಫೆವಿಕ್ವಿಕ್ ರೆಸಿನ್ ಅಲ್ಲ ಅಂತ ಕಾಕಾಗೆ ಹೇಳೋ ಧೈರ್ಯ ನನಗಿರಲಿಲ್ಲ.

ಆದ್ರೆ ಈ ಲೇಖನ ಗಾಜಿನ ಬಗ್ಗೆ ಅಲ್ಲ. ಗಾಜು ಒಡೆದ ಮೇಲೆ ತೆಗೆದ ಕಾಗದದ ಬಗ್ಗೆ.

ಕಾಕಾ ಕಾರು ತಗೊಂಡಿದ್ದು 2023ರ ದೀಪಾವಳಿಗೆ. ಮರುವರ್ಷ ನವೆಂಬರ್‌ನಲ್ಲಿ ನಾನು ಹಾಸ್ಟೆಲ್‌ನಲ್ಲಿದ್ದಾಗ ಅವರು ಪಾಲಿಸಿಯ ಫೋಟೋ ವಾಟ್ಸಾಪ್ ಮಾಡಿದ್ದರು. "ತಮ್ಮಾ, ಇನ್ಸೂರೆನ್ಸ್ ಮುಗೀತಂತ ಮೆಸೇಜ್ ಬಂದದ. ಶೋರೂಮಿನ್ಯಾಗ ಮೂರು ವರ್ಷದ್ದು ಅಂದಿದ್ರು. ಇಂಗ್ಲಿಷ್‌ನಾಗ ಅದ, ನೀನೇ ನೋಡಿ ಹೇಳು." ನಾನು ಮೆಸ್ಸಿನ ಕ್ಯೂನಲ್ಲಿ ನಿಂತು ಝೂಮ್ ಮಾಡಿ ನೋಡಿದೆ. ನವೆಂಬರ್ 2026 ಅಂತ ಕಾಣಿಸ್ತು. "2026ರ ತನಕ ಅದ ಕಾಕಾ, ಅದು ಸುಮ್ಮನ ಮಾರ್ಕೆಟಿಂಗ್ ಮೆಸೇಜ್" ಅಂದೆ. ಅವರು ನಂಬಿದರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ಹುಡುಗ, ಮೇಲೆ ಇಂಜಿನಿಯರಿಂಗು. ನಂಬದೇ ಏನು ಮಾಡ್ತಾರೆ?

ಆ ಕಾಗದದಲ್ಲಿ ಎರಡು ತಾರೀಖು ಇದ್ದವು. ನಾನು ಒಂದನ್ನ ಓದಿದ್ದೆ.

ವಿಷಯ ಇಷ್ಟು. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ರಸ್ತೆಗಿಳಿಯೋ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ನಮ್ಮ ಗಾಡಿಗೆ ಆದ ಹಾನಿಗೆ ಇರೋದು ಓನ್ ಡ್ಯಾಮೇಜ್ ವಿಮೆ, ಅದು ನಮ್ಮ ಇಷ್ಟ. ಸುಪ್ರೀಂ ಕೋರ್ಟ್ ಆದೇಶದ ನಂತರ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ, ಹೊಸ ಬೈಕು-ಸ್ಕೂಟಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನ ಒಟ್ಟಿಗೇ ಕೊಡ್ತಾರೆ. ಆದ್ರೆ ಅದರ ಜೊತೆ ಬರೋ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ಶೋರೂಮಿನಲ್ಲಿ "ಮೂರು ವರ್ಷದ ಇನ್ಸೂರೆನ್ಸ್ ಸರ್" ಅಂದ್ರೆ ಅದು ಸುಳ್ಳಲ್ಲ. ಪೂರ್ತಿ ನಿಜಾನೂ ಅಲ್ಲ.

ಹಾಗಾಗಿ ಕಾಕಾನ ಕಾರಿಗೆ ಆರು ತಿಂಗಳಿಂದ ಓನ್ ಡ್ಯಾಮೇಜ್ ಇರಲೇ ಇಲ್ಲ. ಗಾಜಿಗೆ ಒಂಬತ್ತು ಸಾವಿರದ ಚಿಲ್ಲರೆ ಆಯ್ತು, ಮುಂಗಾರಿನ ಬೀಜಕ್ಕೆ ದುಡ್ಡು ಹೊಂದಿಸೋ ಹೊತ್ತಿನಲ್ಲಿ. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ. ಕಾಕು "ಹೋಗ್ಲಿ ಬಿಡಪಾ, ಕಣ್ಣಿಗೆ ಬಡೀಲಿಲ್ಲಲ್ಲ" ಅಂದರು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಕಲ್ಲು ಹಾರಿಸಿದ ಟಿಪ್ಪರ್‌ನಿಂದ ದುಡ್ಡು ವಸೂಲಿ ಮಾಡಬೇಕಿತ್ತು ಅಂತ ನನ್ನ ರೂಮ್‌ಮೇಟ್ ವಾದ. ಕಾನೂನಿನ ಪ್ರಕಾರ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಆ ಟಿಪ್ಪರ್‌ನ ಥರ್ಡ್ ಪಾರ್ಟಿ ವಿಮೆ ಇರೋದೇ ಅದಕ್ಕೆ. ಆದ್ರೆ ಎದುರಾಬದುರು ಹೋಗೋ ಎರಡು ಗಾಡಿಗಳ ನಡುವೆ ನಂಬರ್ ಪ್ಲೇಟ್ ಓದಬೇಕು, ಅದೇ ಗಾಡಿಯ ಕಲ್ಲು ಅಂತ ತೋರಿಸಬೇಕು, ಪೊಲೀಸ್ ಸ್ಟೇಷನ್, ಆಮೇಲೆ ಟ್ರಿಬ್ಯೂನಲ್. ಒಂಬತ್ತು ಸಾವಿರಕ್ಕೆ ಅಂಗಡಿ ಮುಚ್ಚಿ ಯಾರು ಓಡಾಡ್ತಾರೆ? ಟಿಪ್ಪರ್ ಮೇಲೆ ತಾಡಪತ್ರಿ ಹಾಕಿಸೋದು ಸರ್ಕಾರದ ಕೆಲಸ, ಆಗಲಿ. ಅಲ್ಲೀತನಕ ಗಾಜು ನಮ್ಮದೇ.

ತಪ್ಪು ಮಾಡಿದ ಮೇಲೆ ನಾನು ಕೂತು ಪಾಲಿಸಿ ಪೂರ್ತಿ ಓದಿದೆ. ಆಗ ಗೊತ್ತಾಗಿದ್ದು ಎರಡನೇ ವಿಷಯ. ನಮ್ಮ ಓಣಿಯಲ್ಲಿ ವಿಮೆ ಬಗ್ಗೆ ಮಾತಾಡೋರೆಲ್ಲ "ಗಾಜಿಗೆ ಬೇರೆ ಕವರ್ ಹಾಕಿಸಬೇಕು, ಝೀರೋ ಡೆಪ್ ತಗೋಬೇಕು, ಇಲ್ಲಾಂದ್ರ ಗಾಜಿನ ದುಡ್ಡು ಬರಂಗಿಲ್ಲ" ಅಂತಾರೆ. ಇದು ತಪ್ಪು. ಸಾಧಾರಣ ಓನ್ ಡ್ಯಾಮೇಜ್ ಪಾಲಿಸಿಯಲ್ಲೇ ಗಾಜು ಸೇರಿದೆ. ಅದಕ್ಕಿಂತ ಮುಖ್ಯ ಅಂದ್ರೆ, ಹಳೇದಾಗಿದೆ ಅಂತ ಬೆಲೆ ಕಡಿಯೋ ಡಿಪ್ರಿಸಿಯೇಷನ್ ಗಾಜಿಗೆ ಸೊನ್ನೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಬ್ಯಾಟರಿಗೆ 50%, ಫೈಬರ್ ಗ್ಲಾಸಿಗೆ 30% ಕಡೀತಾರೆ. ಗಾಜಿಗೆ ಏನೂ ಇಲ್ಲ. ಝೀರೋ ಡೆಪ್ ಬಂಪರ್‌ಗೆ ಒಳ್ಳೇದು, ಗಾಜಿನ ಸುತ್ತಲಿನ ರಬ್ಬರಿಗೂ ಒಂಚೂರು ಸಹಾಯ ಆದೀತು. ಗಾಜಿಗಂತಲೇ ಅದನ್ನ ಕೊಳ್ಳೋದು ಅಂದ್ರೆ ಊಟ ಸೇರಿರೋ ಹಾಸ್ಟೆಲ್ ಫೀ ಕಟ್ಟಿ ಮತ್ತೆ ಮೆಸ್ಸಿಗೆ ಬೇರೆ ದುಡ್ಡು ಕೊಟ್ಟ ಹಾಗೆ.

ಹಾಗಾದ್ರೆ ಗಾಜು ಒಡೆದಾಗ ನಿಜವಾಗಿ ಕಳಕೊಳ್ಳೋದು ಏನು? ಮೊದಲನೇದು ಕಡ್ಡಾಯ ಕಡಿತ. 1500 ಸಿಸಿ ಒಳಗಿನ ಖಾಸಗಿ ಕಾರಿಗೆ ಪ್ರತಿ ಕ್ಲೇಮಿಗೆ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000 ನಾವೇ ಹಾಕಬೇಕು. ಎರಡನೇದು ನೋ ಕ್ಲೇಮ್ ಬೋನಸ್, ಎನ್‌ಸಿಬಿ. ಆಟ ಇರೋದೇ ಇಲ್ಲಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20% ರಿಯಾಯಿತಿ, ಆಮೇಲೆ 25, 35, 45, 50. ಒಂದೇ ಒಂದು ಕ್ಲೇಮ್ ಮಾಡಿದ್ರೆ ಸಾಮಾನ್ಯವಾಗಿ ಸೊನ್ನೆಗೆ ಬಂದು ಮತ್ತೆ ಮೊದಲ ಮೆಟ್ಟಿಲಿಂದ ಹತ್ತಬೇಕು. ಹಾವು-ಏಣಿ ಆಟದಲ್ಲಿ ಹಾವಿನ ಬಾಯಿಗೆ ಬಿದ್ದ ಹಾಗೆ.

ನಾನು ಒಂದು ಲೆಕ್ಕ ಹಾಕಿದೆ. ರಿಯಾಯಿತಿ ಕಳೆಯೋ ಮೊದಲು ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ ₹8,000, ಗಾಜಿನ ಬಿಲ್ಲು ₹9,000 ಅಂತ ಇಟ್ಕೊಳ್ಳಿ. ಕ್ಲೇಮ್ ಮಾಡಿದ್ರೆ ಕೈಗೆ ಬರೋದು ₹8,000.

ಈಗ 20% ಮೆಟ್ಟಿಲಲ್ಲಿರೋ ಒಬ್ಬರನ್ನ ತಗೊಳ್ಳಿ. ಕ್ಲೇಮ್ ಮಾಡದಿದ್ರೆ ಮುಂದಿನ ವರ್ಷಗಳಲ್ಲಿ ಅವರಿಗೆ 25, 35, 45, 50, 50 ಸಿಗ್ತಿತ್ತು. ಮಾಡಿದ್ರೆ 0, 20, 25, 35, 45. ವ್ಯತ್ಯಾಸ ಕೂಡಿದ್ರೆ 80%, ಅಂದ್ರೆ ₹6,400. ಬರೋದು ₹8,000, ಹೋಗೋದು ₹6,400. ಕ್ಲೇಮ್ ಮಾಡಬಹುದು.

ಇನ್ನೊಬ್ಬರು 35% ಮೆಟ್ಟಿಲಲ್ಲಿದ್ದಾರೆ ಅನ್ನಿ. ಅವರಿಗೆ ಸಿಗಬೇಕಿದ್ದದ್ದು 45, 50, 50, 50, 50. ಕ್ಲೇಮ್ ಮಾಡಿದ ಮೇಲೆ ಅದೇ 0, 20, 25, 35, 45. ವ್ಯತ್ಯಾಸ 120%, ₹9,600. ಅದೇ ಕಲ್ಲು, ಅದೇ ಗಾಜು, ಅದೇ ಬಿಲ್ಲು. ಇವರು ಕ್ಲೇಮ್ ಮಾಡಿದ್ರೆ ₹1,600 ನಷ್ಟ! ಗಾಡಿಯ ಬೆಲೆ ವರ್ಷವರ್ಷ ಇಳಿಯೋದ್ರಿಂದ ಪ್ರೀಮಿಯಂ ಕೂಡ ಇಳಿದು ಈ ನಷ್ಟದ ಮೊತ್ತ ಸ್ವಲ್ಪ ಕಡಿಮೆಯಾಗುತ್ತೆ, ಲಾಭ-ನಷ್ಟ ಹೆಚ್ಚುಕಮ್ಮಿ ಸಮ ಆದ್ರೂ ಆಗಬಹುದು. ಅದಕ್ಕೆ ನಿಮ್ಮ ಪಾಲಿಸಿಯ ಅಂಕಿ ಹಾಕಿಯೇ ನೋಡಿ. ಎಕ್ಸೆಲ್‌ನಲ್ಲಿ ಐದು ಸಾಲು, ಅಷ್ಟೇ. ಲ್ಯಾಬ್ ರೆಕಾರ್ಡ್‌ಗಿಂತ ಬೇಗ ಮುಗಿಯುತ್ತೆ.

ಅಂದ್ರೆ ಗಾಜಿನ ವಿಷಯದಲ್ಲಿ ಯೋಚಿಸಿ ಕೊಳ್ಳಬೇಕಾದ ಆ್ಯಡ್-ಆನ್ ಒಂದೇ, ಎನ್‌ಸಿಬಿ ಕಾಯೋದು. ಕೆಲವು ಪಾಲಿಸಿಗಳಲ್ಲಿ ಗಾಜಿನ ಕ್ಲೇಮಿಗೆ ಮಾತ್ರ ಎನ್‌ಸಿಬಿ ಮುಟ್ಟಲ್ಲ ಅನ್ನೋ ಷರತ್ತಿರುತ್ತೆ, ಕೆಲವದರಲ್ಲಿ ವರ್ಷಕ್ಕೆ ಇಷ್ಟೇ ಕ್ಲೇಮ್ ಅಂತ ಮಿತಿ. ಏಜೆಂಟ್ ಹೇಳಿದ ಹೆಸರು ಬೇಡ, ಷರತ್ತು ಓದಬೇಕು. ಅದಕ್ಕೆ ವರ್ಷಕ್ಕೆ ₹800 ಹೆಚ್ಚು ಕೇಳ್ತಾರೆ ಅನ್ನಿ. ಕ್ಲೇಮಿನಿಂದ ಕೈಗೆ ಬರೋ 8,000 ಭಾಗಿಸು 800, ಹತ್ತು. ಹತ್ತು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ನಿಮ್ಮ ಗಾಜು ಒಡೆಯುತ್ತೆ ಅನ್ನಿಸಿದ್ರೆ ತಗೊಳ್ಳಿ. ದಿನಾ ಟಿಪ್ಪರ್ ಹಿಂದೆ ಶಹಾಪುರ-ಸುರಪುರ ಓಡಾಡೋರಿಗೆ ಬೇಕು ಅನ್ನೋದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಯಾದಗಿರಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಬರೋ ಕಾರಿಗೆ ಬೇಡ. ಇನ್ನೊಂದು, ಈ ಆ್ಯಡ್-ಆನ್‌ಗಳೆಲ್ಲ ಓನ್ ಡ್ಯಾಮೇಜ್ ಮೇಲೆ ಕೂರೋವು. ಬರೀ ಥರ್ಡ್ ಪಾರ್ಟಿ ಇದ್ದರೆ ಇಷ್ಟು ಲೆಕ್ಕವೆಲ್ಲ ದಂಡ, ಕಾಕಾನ ಕಾರಿನ ಥರ.

ಇದನ್ನೆಲ್ಲ ಹೇಳಿದಾಗ ನನ್ನ ಕ್ಲಾಸ್‌ಮೇಟ್ ಒಬ್ಬಳು ಕೇಳಿದಳು, "ಇಷ್ಟು ಸಿಂಪಲ್ ಇದ್ರೆ ನಿಮ್ಮ ಕಾಕಾನೇ ಯಾಕೆ ಓದಲಿಲ್ಲ?" ಕಾಕಾ ಹತ್ತನೇ ಕ್ಲಾಸಿನ ತನಕ ಕನ್ನಡ ಶಾಲೆಯಲ್ಲಿ ಓದಿದವರು. ಗೊಬ್ಬರದ ಮೂರು ಅಂಕಿ ನೋಡಿ ಯಾವ ಹೊಲಕ್ಕೆ ಯಾವ ಚೀಲ ಅಂತ ಬಾಯಲ್ಲೇ ಹೇಳ್ತಾರೆ. ಎನ್‌ಸಿಬಿ ಲೆಕ್ಕ ಅವರಿಗೆ ನನಗಿಂತ ಬೇಗ ಅರ್ಥವಾಯ್ತು, ಕನ್ನಡದಲ್ಲಿ ಹೇಳಿದ ಮೇಲೆ. ಆರೋಗ್ಯ ವಿಮೆಗೆ 2024ರ ಜನವರಿಯಿಂದ ಒಂದು ಸರಳ ಮಾಹಿತಿ ಹಾಳೆ ಕೊಡಬೇಕು, ಗ್ರಾಹಕರು ಬಯಸಿದರೆ ಸ್ಥಳೀಯ ಭಾಷೆಯಲ್ಲೇ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಗಾಡಿಯ ಪಾಲಿಸಿ ಜೊತೆಗೂ, ಕೇಳದಿದ್ರೂ, ಕನ್ನಡದ ಒಂದು ಪುಟ ಬರಬೇಕು ಅನ್ನೋದು ನನ್ನ ಬೇಡಿಕೆ. ಹೆಚ್ಚೇನೂ ಬೇಡ. "ನಿಮ್ಮ ಗಾಡಿಯ ಹಾನಿಗೆ ಈ ತಾರೀಖಿನ ತನಕ, ಬೇರೆಯವರ ಹಾನಿಗೆ ಆ ತಾರೀಖಿನ ತನಕ" ಅಂತ ದಪ್ಪ ಅಕ್ಷರದಲ್ಲಿ ಎರಡು ಸಾಲಿದ್ದರೂ ಕಾಕಾ ನನಗೆ ಫೋಟೋ ಕಳಿಸ್ತಿರಲಿಲ್ಲ.

ಆದ್ರೆ ಪೂರ್ತಿ ತಪ್ಪನ್ನ ಭಾಷೆ ಮೇಲೆ ಹಾಕಿ ನಾನು ಜಾರಿಕೊಳ್ಳೋಕೆ ಆಗಲ್ಲ. ನನಗೆ ಆ ಇಂಗ್ಲಿಷ್ ಓದೋಕೆ ಬರ್ತಿತ್ತು. ನಾನು ಓದಲಿಲ್ಲ, ಹುಡುಕಿದ್ದ ತಾರೀಖು ಸಿಕ್ಕ ಕೂಡಲೇ ನಿಲ್ಲಿಸಿದೆ. ನಮ್ಮಲ್ಲಿ ಎಷ್ಟೋ ಜನ ಮನೆಯ ಮೊದಲ ಇಂಗ್ಲಿಷ್ ಓದುಗರು. ಬ್ಯಾಂಕಿನ ಫಾರ್ಮು, ಆಸ್ಪತ್ರೆಯ ರಿಪೋರ್ಟು, ಪಾಲಿಸಿ, ಎಲ್ಲಾ ನಮ್ಮ ವಾಟ್ಸಾಪಿಗೇ ಬರುತ್ತೆ, ನಾವು ಕ್ಯೂನಲ್ಲಿ ನಿಂತು ಉತ್ತರ ಕೊಡ್ತೀವಿ. ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ನಿಂತಿರೋ ಬೈಕುಗಳನ್ನ ನೋಡಿದಾಗೆಲ್ಲ ನನಗೆ ಈಗ ಒಂದೇ ಪ್ರಶ್ನೆ, ಇದರಲ್ಲಿ ಎಷ್ಟಕ್ಕೆ "ಐದು ವರ್ಷದ ಇನ್ಸೂರೆನ್ಸ್" ಇದೆ, ಎಷ್ಟಕ್ಕೆ ಓನ್ ಡ್ಯಾಮೇಜ್ ಮುಗಿದಿದೆ? ಇವತ್ತು ಸಂಜೆ ಎಂಪರಿವಾಹನ್ ಬೇಡ, ಪಾಲಿಸಿಯ ಪಿಡಿಎಫ್‌ನೇ ತೆರೆದು ನೋಡಿ. ಎರಡು ತಾರೀಖು ಇರುತ್ತೆ.

ಹೊಸ ಗಾಜು ಕೂರಿಸಿದ ಮೇಲೆ ಜೂನ್‌ನಲ್ಲಿ ಕಾಕಾ ಓನ್ ಡ್ಯಾಮೇಜ್ ಪಾಲಿಸಿ ಮಾಡಿಸಿದರು. 2019ರ ಸೆಪ್ಟೆಂಬರ್‌ನಿಂದ ಅದನ್ನ ಒಂದನ್ನೇ ಪ್ರತ್ಯೇಕವಾಗಿ ಕೊಳ್ಳಬಹುದು, ಬೇರೆ ಕಂಪನಿಯಿಂದಲೂ ಆಗುತ್ತೆ. ಮುಗಿದು ತಿಂಗಳುಗಳಾಗಿದ್ದರಿಂದ ಕಾರಿನ ಸುತ್ತ ವಿಡಿಯೋ ತೆಗೆದು ಕಳಿಸಬೇಕಾಯ್ತು. 90 ದಿನ ದಾಟಿದ್ದರಿಂದ ಗಳಿಸಿದ್ದ 20% ಎನ್‌ಸಿಬಿಯೂ ಹೋಯ್ತು. ಅದೂ ನನ್ನ ಖಾತೆಗೇ. ಏಜೆಂಟ್ ಫೋನ್‌ನಲ್ಲಿ ಗಾಜಿಗೆ ಅಂತ ಎನ್‌ಸಿಬಿ ಪ್ರೊಟೆಕ್ಷನ್ ಹಾಕಲಾ ಅಂತ ಕೇಳಿದರು. ಸ್ಪೀಕರ್ ಆನ್ ಇತ್ತು. ಕಾಕಾ ನನ್ನ ಕಡೆ ನೋಡಿದರು, ನಾನು ಬಾಯಿ ತೆರೆಯೋ ಮೊದಲೇ ಅವರೇ ಅಂದರು: "ಈ ವರ್ಷ ನನ್ನ ಬೋನಸ್ಸು ಸೊನ್ನಿ ಅದರೀ. ಸೊನ್ನಿಗೆ ಯಾಕ ಕಾವಲು? ಮುಂದಿನ ವರ್ಷ ಕೇಳ್ರಿ."

ಅಂಗಡಿಯ ಕ್ಯಾಲೆಂಡರ್ ಮೇಲೆ, ಗೊಬ್ಬರದ ಲೋಡು ಬರೋ ದಿನಗಳ ಪಕ್ಕದಲ್ಲಿ, ಈಗ ಕೆಂಪು ಪೆನ್ನಲ್ಲಿ ಎರಡು ತಾರೀಖು ಬರೆದಿದೆ. ಅಕ್ಷರ ಕಾಕಾನದ್ದು. ನನ್ನ ಕೈಲಿ ಬರೆಸಲಿಲ್ಲ.