ಗುದ್ದಲಿ ಪೂಜೆ ನೋಡಿ ಷೇರು ಕೊಂಡವರು

ನಮ್ಮ ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಎರಡು ವಾರದಿಂದ ಒಂದೇ ಮಾತು. ಅಲ್ಲಿ ಕೂರುವ ನಾಲ್ಕೈದು ಜನರ ಹತ್ತಿರ ನಷ್ಟದಲ್ಲಿರುವ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಷೇರು ಇದೆ. ದೊಡ್ಡ ಕಂಪನಿಯೊಂದರ ಜೊತೆ ಪಾಲುದಾರಿಕೆ ಆಯಿತು ಎಂಬ ಸುದ್ದಿ ಓದಿ ಕೊಂಡದ್ದು. ಈಗ ಆ ಪಾಲುದಾರಿಕೆ ಮುರಿದುಬಿದ್ದಿದೆ. ಕಂಪನಿ ಷೇರುಪೇಟೆಗೆ ಹೇಳಿದ್ದು ಇಷ್ಟೇ: ಪರಸ್ಪರ ಒಪ್ಪಿಗೆಯಿಂದ ಒಪ್ಪಂದ ಕೊನೆಗೊಂಡಿದೆ.

ಆ ಒಂದು ಸಾಲಿಗೆ ಅಂಗಡಿಯಲ್ಲಿ ಹತ್ತು ಅರ್ಥ. ‘ಇನ್ನೂ ದೊಡ್ಡ ಪಾರ್ಟಿ ಬರ್ತಿದೆ, ಅದಕ್ಕೇ ಇವರನ್ನ ಬಿಟ್ಟಿದಾರೆ’ ಎನ್ನುತ್ತಾರೆ ಒಬ್ಬರು. ‘ರೇಟು ಇಳಿಸಿ ಒಳಗಿನವರೇ ಕೊಳ್ತಿದಾರೆ’ ಎನ್ನುತ್ತಾರೆ ಇನ್ನೊಬ್ಬರು. ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವ ಗೆಳೆಯ ಮಾತ್ರ ಸುಮ್ಮನಿದ್ದ. ಅವನು ಹೆಂಡತಿಯ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು ಷೇರು ಕೊಂಡವನು. ಹೊರಗೆ ಬಂದಾಗ ಮೆಲ್ಲಗೆ ಕೇಳಿದ: ‘ಇನ್ನೊಂದಿಷ್ಟು ತಗೊಂಡು ಆವರೇಜ್ ಮಾಡ್ಲಾ ಮಾರಾಯ? ನೀನು ಪೇಪರ್‌ನವನು, ನಿಂಗೆ ಗೊತ್ತಿರುತ್ತೆ.’

ಷೇರಿನ ವಿಷಯ ನನಗೆ ಹೆಚ್ಚು ಗೊತ್ತಿಲ್ಲ. ಆದರೆ ಪ್ರೆಸ್ ನೋಟ್ ಓದುವುದು ಹೇಗೆಂದು ಗೊತ್ತು. ಹತ್ತು ವರ್ಷದಿಂದ ಅದೇ ನನ್ನ ಕೆಲಸ. ರಸ್ತೆಗೆ ಗುದ್ದಲಿ ಪೂಜೆ ಆದರೆ ಫೋಟೊ ಸಮೇತ ನೋಟ್ ಬರುತ್ತದೆ. ಗುತ್ತಿಗೆದಾರ ಜಲ್ಲಿ ಸುರಿದು ಅರ್ಧಕ್ಕೇ ಬಿಟ್ಟು ಹೋದರೆ ಯಾರೂ ನೋಟ್ ಕಳಿಸುವುದಿಲ್ಲ. ಕಂಪನಿಗಳ ಪಾಲುದಾರಿಕೆ ಒಪ್ಪಂದವೂ ಹೀಗೆಯೇ. ಅದು ಬರೀ ಗುದ್ದಲಿ ಪೂಜೆ, ರಸ್ತೆಯಲ್ಲ.

ಇದು ಸಣ್ಣ ಕಂಪನಿಯ ಮಾತಷ್ಟೇ ಅಲ್ಲ. ನಮ್ಮದೇ ಬೆಂಗಳೂರಿನ ಇನ್ಫೋಸಿಸ್ 2023ರ ಸೆಪ್ಟೆಂಬರ್‌ನಲ್ಲಿ ಒಂದು ಜಾಗತಿಕ ಕಂಪನಿಯ ಜೊತೆ 15 ವರ್ಷಗಳ, 150 ಕೋಟಿ ಡಾಲರ್ ಅಂದಾಜಿನ ಒಡಂಬಡಿಕೆ ಪ್ರಕಟಿಸಿತು. ಆ ಕಂಪನಿಯ ಹೆಸರು ಹೇಳಲಿಲ್ಲ. ಡಿಸೆಂಬರ್ 23ರಂದು, ಆ ಕಂಪನಿ ಒಡಂಬಡಿಕೆ ರದ್ದು ಮಾಡಿದೆ ಎಂದು ತಿಳಿಸಿತು. ಇನ್ಫೋಸಿಸ್‌ಗೆ ನೂರಾರು ಗ್ರಾಹಕರಿದ್ದಾರೆ, ತಡೆದುಕೊಂಡಿತು. ಒಂದೇ ಪಾಲುದಾರನನ್ನು ನಂಬಿಕೊಂಡ ಬಡಕಲು ಕಂಪನಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಊಹೆಯ ಬೆಲೆ ಎಷ್ಟು ಎಂದು ತಿಳಿಯಲು ಹೈದರಾಬಾದಿನ ಸತ್ಯಂ ನೆನಪಿಸಿಕೊಳ್ಳಬೇಕು. 2008ರ ಡಿಸೆಂಬರ್ 16ರಂದು ಅದು ಮಾಲೀಕರ ಕುಟುಂಬದ್ದೇ ಆದ ಮೇಟಾಸ್ ಕಂಪನಿಗಳನ್ನು ಕೊಳ್ಳುವುದಾಗಿ ಹೇಳಿ, ಹೂಡಿಕೆದಾರರು ಸಿಟ್ಟಾದ ಮೇಲೆ ಕೆಲವೇ ಗಂಟೆಗಳಲ್ಲಿ ಹಿಂದೆ ಸರಿಯಿತು. ಸ್ವತಂತ್ರ ನಿರ್ದೇಶಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ದಾರಿ ಹುಡುಕಿಕೊಡಲು ನೇಮಿಸಿಕೊಂಡಿದ್ದ ಡಿಎಸ್‌ಪಿ ಮೆರಿಲ್ ಲಿಂಚ್ ಕೆಲವೇ ದಿನಗಳಲ್ಲಿ ಸತ್ಯಂ ಜೊತೆಗಿನ ಒಪ್ಪಂದ ಮುರಿದುಕೊಂಡಿತು. ಈ ನಡುವೆ ‘ಯಾರೋ ಕೊಳ್ಳುತ್ತಾರಂತೆ’ ಎಂಬ ಮಾತು ಜೋರಾಗಿತ್ತು. ಕುಸಿದಿದ್ದ ಷೇರು ಜನವರಿ 6ಕ್ಕೆ ಸುಮಾರು 179 ರೂಪಾಯಿಗೆ ಚೇತರಿಸಿತ್ತು. ಮರುದಿನ ರಾಮಲಿಂಗ ರಾಜು ಪತ್ರ ಹೊರಬಿತ್ತು. ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಇರಲೇ ಇಲ್ಲ. ಸಂಜೆಗೆ ಷೇರು ಸುಮಾರು 40 ರೂಪಾಯಿ.

ಅಂದು ಕೊಂಡವರ ಊಹೆ ಸುಳ್ಳಾಗಲಿಲ್ಲ ಎಂಬುದೇ ವಿಚಿತ್ರ. ಕೊಳ್ಳುವವರು ನಿಜಕ್ಕೂ ಬಂದರು. 2009ರ ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಬಂತು, ಷೇರಿಗೆ 58 ರೂಪಾಯಿಯ ದರದಲ್ಲಿ. ಊಹೆ ನಿಜವಾದರೂ ದುಡ್ಡು ಹೋಗಬಹುದು!

ನನ್ನ ತಕರಾರು ಇರುವುದು ನಿಯಮದ ಬಗ್ಗೆ. ಮುಖ್ಯ ಒಪ್ಪಂದ ಮುರಿದರೆ ಕಾರಣವನ್ನೂ ಪರಿಣಾಮವನ್ನೂ ತಿಳಿಸಬೇಕು ಎಂದು ಸೆಬಿ ಕೇಳುತ್ತದೆ. ಕಂಪನಿಗಳು ‘ಪರಸ್ಪರ ಒಪ್ಪಿಗೆ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಮಾಧ್ಯಮದಲ್ಲಿ ವದಂತಿ ಬಂದು ಷೇರು ಬೆಲೆ ಏರುಪೇರಾದರೆ 24 ಗಂಟೆಯೊಳಗೆ ಹೌದು ಅಥವಾ ಅಲ್ಲ ಎನ್ನಬೇಕೆಂಬ ನಿಯಮವೂ 2024ರಲ್ಲಿ ಜಾರಿಗೆ ಬಂತು. ಆದರೆ ಅದು ಕಡ್ಡಾಯವಾಗಿರುವುದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳಿಗೆ ಮಾತ್ರ. ಬಿಎಸ್‌ಇಯಲ್ಲಿರುವುದು ಐದು ಸಾವಿರಕ್ಕೂ ಹೆಚ್ಚು ಕಂಪನಿಗಳು. ದೊಡ್ಡ ಷೇರು ಕೊಳ್ಳಲು ಕೈಲಾಗದೆ ಹತ್ತಿಪ್ಪತ್ತು ರೂಪಾಯಿಯ ಷೇರಿಗೆ ಕೈಹಾಕುವ ನಮ್ಮೂರಿನವರ ದುಡ್ಡಿರುವುದು ಆ ಉಳಿದವುಗಳಲ್ಲಿ. ವದಂತಿ ಹೆಚ್ಚು ಹಬ್ಬುವುದೂ ಅಲ್ಲೇ. ಕಾವಲು ಇರಬೇಕಾದ ಕಡೆ ಕಾವಲಿಲ್ಲ.

ಪಾಲುದಾರಿಕೆ ಪ್ರಕಟಿಸುವ ಪ್ರತಿ ಕಂಪನಿ, ಅದು ಮುರಿದ ದಿನ ಮೂರು ಮಾತು ಹೇಳಲೇಬೇಕು: ಇದರಿಂದ ಈವರೆಗೆ ಎಷ್ಟು ರೂಪಾಯಿ ಬಂದಿತ್ತು, ಮುಂದೆ ಎಷ್ಟು ಬರುವುದಿಲ್ಲ, ಬಿಟ್ಟವರು ಯಾರು. ಇದಕ್ಕೆ ಮಾರುಕಟ್ಟೆ ಮೌಲ್ಯದ ಮಿತಿ ಯಾಕೆ ಬೇಕು?

ನಿಯಮ ಬರುವವರೆಗೆ ನಾವು ಮಾಡಬಹುದಾದ್ದೂ ಇದೆ. ಒಂದೇ ಷೇರು ಇದ್ದರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಕಂಪನಿ ಕಾರ್ಯದರ್ಶಿಗೆ ಇಮೇಲ್ ಬರೆಯಬಹುದು. ಉತ್ತರ ಬರದಿದ್ದರೆ ಸೆಬಿಯ ಸ್ಕೋರ್ಸ್‌ನಲ್ಲಿ ದೂರು ಕೊಡಬಹುದು. ಮಾಲೀಕರು ಎಷ್ಟು ಷೇರು ಅಡವಿಟ್ಟಿದ್ದಾರೆ ಎಂಬುದು ಮೂರು ತಿಂಗಳಿಗೊಮ್ಮೆ ಷೇರುಪೇಟೆಯ ಜಾಲತಾಣದಲ್ಲಿ ಸಿಗುತ್ತದೆ, ಪುಕ್ಕಟೆ.

ಗೆಳೆಯನಿಗೆ ಹೇಳಿದ್ದೂ ಇದನ್ನೇ. ಮಾರು ಎಂದಾಗಲಿ, ಇಟ್ಟುಕೋ ಎಂದಾಗಲಿ ಹೇಳಲಿಲ್ಲ. ‘ಉತ್ತರ ಬರೋವರೆಗೆ ಇನ್ನೊಂದು ರೂಪಾಯಿ ಹಾಕಬೇಡ. ಮೊದಲು ಸರ ಬಿಡಿಸ್ಕೋ’ ಎಂದೆ. ಇಮೇಲನ್ನು ಇಬ್ಬರೂ ಕೂತು ಅದೇ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬರೆದೆವು. ಇನ್ನೂ ಉತ್ತರ ಬಂದಿಲ್ಲ.