ಬಿಟ್ಟಿ ಚಿತ್ರಕ್ಕೂ ಪಹಣಿ ಬೇಕು

2012ರ ಆಗಸ್ಟ್ 6. ಭಾರತದಲ್ಲಿ ಬೆಳಗಿನ ಹನ್ನೊಂದರ ಹೊತ್ತು. ‘ಕ್ಯೂರಿಯಾಸಿಟಿ’ ಎಂಬ ಆರು ಗಾಲಿಗಳ ಬಂಡಿ ಮಂಗಳ ಗ್ರಹದ ಗೇಲ್ ಕುಳಿಯಲ್ಲಿ ಕ್ಷೇಮವಾಗಿ ಇಳಿದ ಸುದ್ದಿ, ಬೆಳಕಿನ ವೇಗದಲ್ಲಿ ಸುಮಾರು ಹದಿನಾಲ್ಕು ನಿಮಿಷ ಪಯಣಿಸಿ ಭೂಮಿಯನ್ನು ಮುಟ್ಟಿತು. ಕ್ಯಾಲಿಫೋರ್ನಿಯಾದ ನಿಯಂತ್ರಣ ಕೊಠಡಿಯಲ್ಲಿ ವಿಜ್ಞಾನಿಗಳು ಮಕ್ಕಳಂತೆ ಕುಣಿದರು. ಆ ದೃಶ್ಯವನ್ನು ನಾಸಾ ಸಂಸ್ಥೆ ತನ್ನ ಯೂಟ್ಯೂಬ್ ವಾಹಿನಿಗೆ ಹಾಕಿತು. ಸ್ವಲ್ಪ ಹೊತ್ತಿನಲ್ಲೇ ದೃಶ್ಯ ಮಾಯವಾಯಿತು! ಅದಿದ್ದ ಜಾಗದಲ್ಲಿ, ‘ಕೃತಿಸ್ವಾಮ್ಯದ ಕಾರಣಕ್ಕೆ ತಡೆಹಿಡಿಯಲಾಗಿದೆ’ ಎಂಬ ಅರ್ಥದ ಒಕ್ಕಣೆ ಬಂದು ಕೂತಿತ್ತು. ಆ ಚಿತ್ರ ತನ್ನದೆಂದು ಹೇಳಿಕೊಂಡದ್ದು ಅಮೆರಿಕದ ಒಂದು ಸುದ್ದಿಸಂಸ್ಥೆ.

ಮನೆ ಕಟ್ಟಿದವನನ್ನೇ ಬಾಡಿಗೆಯವನು ಬೀದಿಗೆ ನಿಲ್ಲಿಸಿದಂತಾಯಿತು. ತಪ್ಪು ಬೇಗನೆ ಗೊತ್ತಾಗಿ ಚಿತ್ರ ಮರಳಿತೆನ್ನಿ. ನಾಸಾ ದೊಡ್ಡ ಸಂಸ್ಥೆ. ಅದರ ಮಾತಿಗೆ ತೂಕವಿದೆ. ಆದರೆ ಇದೇ ತಾಪತ್ರಯ ಯಾವುದೋ ಹೋಬಳಿಯ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಬಂದರೆ?

ಪ್ರಶ್ನೆ ಕಾಲ್ಪನಿಕವೇನಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಶಾಲೆಗಳ ಬಾಗಿಲು ಮುಚ್ಚಿದ ಮೇಲೆ ಸೀಮೆಸುಣ್ಣ ಹಿಡಿಯುತ್ತಿದ್ದ ಎಷ್ಟೋ ಕೈಗಳು ಮೊಬೈಲ್ ಹಿಡಿದು ಪಾಠ ಚಿತ್ರಿಸಲು ಕಲಿತವು. ಶಾಲೆಗಳು ತೆರೆದರೂ ಆ ಅಭ್ಯಾಸ ಉಳಿದಿದೆ. ಮೇಷ್ಟ್ರು ಕಪ್ಪುಹಲಗೆಯ ಮುಂದೆ ನಿಂತು ಮಾತಾಡಬಲ್ಲರು. ಆದರೆ ಜ್ವಾಲಾಮುಖಿಯನ್ನು, ಜೀವಕೋಶದ ವಿಭಜನೆಯನ್ನು, ಶನಿಯ ಬಳೆಯನ್ನು ಅವರು ಎಲ್ಲಿಂದ ತಂದಾರು? ಅಂತರ್ಜಾಲದಲ್ಲಿ ಹುಡುಕಿ ಹತ್ತು ಸೆಕೆಂಡಿನ ತುಣುಕನ್ನು ಇಳಿಸಿಕೊಂಡು ಪಾಠಕ್ಕೆ ಅಂಟಿಸುತ್ತಾರೆ. ಹೀಗೆ ಬೇರೆಯವರು ಚಿತ್ರಿಸಿ, ಬೇಕಾದವರು ಬಳಸಲೆಂದು ದಾಸ್ತಾನು ಮಾಡಿಟ್ಟ ತುಣುಕುಗಳಿಗೆ ಚಿತ್ರೋದ್ಯಮದವರು ‘ಸ್ಟಾಕ್ ಫೂಟೇಜ್’ ಎನ್ನುತ್ತಾರೆ. ಅಂಟಿಸುವುದು ಸುಲಭ. ಅಂಟಿಸಬಹುದೇ ಎಂಬುದು ಬೇರೆ ಪ್ರಶ್ನೆ.

ಗೋಮಾಳ, ಪಾಸು, ಪರವಾನಗಿ

ಗೊಂದಲ ಶುರುವಾಗುವುದು ‘ಫ್ರೀ’ ಎಂಬ ಪದದಿಂದ. ಅದರ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಅರ್ಥಗಳು ಅಡಗಿವೆ.

ಮೊದಲನೆಯದು ಊರ ಗೋಮಾಳದಂಥದು. ಅಲ್ಲಿ ಯಾರ ದನ ಬೇಕಾದರೂ ಮೇಯಬಹುದು. ಕೃತಿಸ್ವಾಮ್ಯದ ಅವಧಿ ಮುಗಿದ ಅಥವಾ ಸ್ವಾಮ್ಯವೇ ಇಲ್ಲದ ಚಿತ್ರಗಳು ಈ ಬಗೆಯವು. ಅಮೆರಿಕದ 1976ರ ಕಾಯಿದೆಯ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ನಾಸಾದ ಬಹುಪಾಲು ಚಿತ್ರಗಳನ್ನು ಜಗತ್ತು ಧಾರಾಳವಾಗಿ ಬಳಸುತ್ತಿರುವುದು ಇದರಿಂದಲೇ.

ಎರಡನೆಯದು ‘ರಾಯಲ್ಟಿ ಫ್ರೀ’. ಹೆಚ್ಚು ಜನ ಎಡವುವುದು ಇಲ್ಲೇ. ಇದು ಪುಕ್ಕಟೆಯಲ್ಲ, ಬಸ್ ಪಾಸು! ಪಾಸಿಗೆ ಒಮ್ಮೆ ಹಣ ಕಟ್ಟಿದರೆ ಪ್ರತಿ ಪ್ರಯಾಣಕ್ಕೂ ಟಿಕೆಟ್ ಕೊಳ್ಳಬೇಕಿಲ್ಲ. ಹಾಗೆಯೇ ಇಲ್ಲಿ ಒಮ್ಮೆ ಬೆಲೆ ತೆತ್ತು ಪರವಾನಗಿ ಪಡೆದರೆ ಪ್ರತಿ ಬಳಕೆಗೂ ರಾಯಧನ ಕೊಡಬೇಕಿಲ್ಲ. ಆದರೆ ಪಾಸನ್ನು ಪಕ್ಕದ ಮನೆಯ ಹುಡುಗನಿಗೆ ಕೊಡುವಂತಿಲ್ಲವಲ್ಲ, ಹಾಗೆ ಆ ತುಣುಕನ್ನೂ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ‘ಸಂಪಾದಕೀಯ ಬಳಕೆಗೆ ಮಾತ್ರ’ ಎಂಬ ಚೀಟಿ ಅಂಟಿದ್ದರೆ ಸುದ್ದಿಗೆ ಬಳಸಬಹುದು, ಜಾಹೀರಾತಿಗೆ ಬಳಸುವಂತಿಲ್ಲ.

ಮೂರನೆಯದು ಷರತ್ತಿನ ಪರವಾನಗಿ. ತೋಟ ಒಬ್ಬರದೇ, ಆದರೆ ‘ಕಾಲುದಾರಿಯಲ್ಲಿ ಹೋಗಿ, ಬೇಲಿ ಕೀಳಬೇಡಿ’ ಎಂದು ಫಲಕ ಹಾಕಿರುತ್ತಾರೆ. 2001ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಕ್ರಿಯೇಟಿವ್ ಕಾಮನ್ಸ್’ ಸಂಸ್ಥೆ ಇಂಥ ಫಲಕಗಳಿಗೆ ಒಂದು ಅಚ್ಚುಕಟ್ಟಾದ ಸಂಕೇತ ಭಾಷೆಯನ್ನೇ ಕೊಟ್ಟಿತು. ‘ಬಿವೈ’ ಎಂದರೆ ರಚಿಸಿದವರ ಹೆಸರು ಹೇಳಿ. ‘ಎಸ್‌ಎ’ ಎಂದರೆ ನೀವು ಮಾರ್ಪಡಿಸಿ ಮಾಡಿದ ಕೃತಿಯನ್ನೂ ಇದೇ ಷರತ್ತಿನಲ್ಲಿ ಹಂಚಿ. ‘ಎನ್‌ಸಿ’ ಎಂದರೆ ವ್ಯಾಪಾರಕ್ಕೆ ಬಳಸಬೇಡಿ. ‘ಎನ್‌ಡಿ’ ಎಂದರೆ ಮಾರ್ಪಡಿಸಿ ಹಂಚಬೇಡಿ. ‘ಸಿಸಿ ಸೊನ್ನೆ’ ಎಂದಿದ್ದರೆ ಒಡೆಯರೇ ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದಾರೆಂದು ಅರ್ಥ.

ಮೇಷ್ಟ್ರು ಎಚ್ಚರ ವಹಿಸಬೇಕಾದದ್ದು ಎನ್‌ಸಿ ಮತ್ತು ಎನ್‌ಡಿ ಅಕ್ಷರಗಳ ಬಗ್ಗೆ. ಪಾಠದ ನಡುವೆ ಜಾಹೀರಾತು ಬಂದು ನಾಲ್ಕು ಕಾಸು ಸಿಗುವಂತಿದ್ದರೆ ಎನ್‌ಸಿ ತುಣುಕಿನಿಂದ ದೂರವಿರುವುದು ಲೇಸು. ಎನ್‌ಡಿ ತುಣುಕನ್ನು ಕತ್ತರಿಸಿ, ಕನ್ನಡ ವಿವರಣೆ ಸೇರಿಸಿ ಹಂಚಿದರೆ ಷರತ್ತು ಮುರಿದಂತಾಗುವ ಭಯವಿದೆ. ಪಾಠಕ್ಕೆ ಹೇಳಿ ಮಾಡಿಸಿದ್ದು ಸಿಸಿ ಸೊನ್ನೆ ಮತ್ತು ಬಿವೈ.

ಹುಡುಕುವುದು ಎಲ್ಲಿ?

ಆಕಾಶ, ಭೂಮಿ, ಹವಾಮಾನಕ್ಕೆ ನಾಸಾ ಉಗ್ರಾಣವೇ ದೊಡ್ಡದು. ಅದರ ಚಿತ್ರ ಮತ್ತು ವಿಡಿಯೋ ಭಂಡಾರ 2017ರಿಂದ ಒಂದೇ ಕಡೆ ತೆರೆದಿದೆ. ಆದರೆ ಅಲ್ಲಿಯೂ ಮೂರು ಕಟ್ಟಳೆಗಳಿವೆ. ನಾಸಾದ ಲಾಂಛನವನ್ನು ಅಲಂಕಾರಕ್ಕೆ ಬಳಸುವಂತಿಲ್ಲ. ನಾಸಾ ನಿಮ್ಮ ಟ್ಯೂಷನ್ ಕ್ಲಾಸನ್ನು ಮೆಚ್ಚಿದೆ ಎಂಬಂತೆ ತೋರಿಸುವಂತಿಲ್ಲ. ಹಿನ್ನೆಲೆ ಸಂಗೀತವೋ ಒಂದೆರಡು ಚಿತ್ರಗಳೋ ಬೇರೆಯವರ ಸ್ವತ್ತಾಗಿದ್ದರೆ ಅವನ್ನು ಮುಟ್ಟುವಂತಿಲ್ಲ. ನಾಸಾ ತುಣುಕಿನ ಸಂಗೀತವನ್ನು ತೆಗೆದುಹಾಕಿ ಮೇಷ್ಟ್ರು ತಮ್ಮ ದನಿಯನ್ನೇ ಕೂರಿಸುವುದು ಎಲ್ಲ ರೀತಿಯಲ್ಲೂ ಕ್ಷೇಮ.

‘ವಿಕಿಮೀಡಿಯ ಕಾಮನ್ಸ್’ ಇನ್ನೊಂದು ಒಳ್ಳೆಯ ಜಾಗ. ಪ್ರತಿ ತುಣುಕಿನ ಕೆಳಗೂ ರಚಿಸಿದವರು ಯಾರು, ಪರವಾನಗಿ ಯಾವುದು ಎಂದು ಬರೆದಿರುತ್ತದೆ. ಎನ್‌ಸಿ, ಎನ್‌ಡಿ ಷರತ್ತಿನವಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಸಮುದ್ರದ ಅಲೆ, ಪೇಟೆಯ ಜನಜಂಗುಳಿ, ಮಳೆಹನಿಯಂಥ ಸಾಮಾನ್ಯ ದೃಶ್ಯಗಳಿಗೆ ‘ಪೆಕ್ಸೆಲ್ಸ್’ ಮತ್ತು ‘ಪಿಕ್ಸಾಬೇ’ ಇವೆ. ಇವುಗಳಲ್ಲಿ ಹೆಸರು ಹೇಳುವುದೂ ಕಡ್ಡಾಯವಲ್ಲ. ಆದರೆ ತುಣುಕನ್ನು ಇದ್ದಂತೆಯೇ ಮಾರುವಂತಿಲ್ಲ. ಅದರಲ್ಲಿ ಗುರುತು ಸಿಗುವ ವ್ಯಕ್ತಿಗಳಿಗೆ ಅವಮಾನವಾಗುವಂತೆ ಬಳಸುವಂತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಯಾರೋ ಹೆಣ್ಣುಮಗಳ ಚಿತ್ರ ತೋರಿಸಿ ‘ಏಡ್ಸ್ ಹರಡುವ ಬಗೆ’ ಎಂದು ವಿವರಿಸಿದರೆ ಆಕೆಗೆ ಏನಾಗಬಹುದೆಂದು ಯೋಚಿಸಿ. ಇಲ್ಲಿ ಕಾಯಿದೆಗಿಂತ ಮೊದಲು ಮನುಷ್ಯತ್ವದ ಮಾತು ಬರುತ್ತದೆ.

ಹಳೆಯ ಕಾಲದ ದೃಶ್ಯಗಳಿಗೆ ‘ಇಂಟರ್‌ನೆಟ್ ಆರ್ಕೈವ್’ ಎಂಬ ಭಂಡಾರದಲ್ಲಿ ರಿಕ್ ಪ್ರೆಲಿಂಗರ್ ಅವರ ಸಂಗ್ರಹವಿದೆ. ಯಾರಿಗೂ ಬೇಡವಾಗಿದ್ದ ಅಮೆರಿಕದ ಹಳೆಯ ಶೈಕ್ಷಣಿಕ ಚಿತ್ರ, ಕಾರ್ಖಾನೆ ಚಿತ್ರ, ಜಾಹೀರಾತುಗಳನ್ನು ಅವರು 1980ರ ದಶಕದಿಂದ ಕೂಡಿಹಾಕಿದರು. 1964ಕ್ಕೆ ಮುಂಚೆ ಅಲ್ಲಿ ಪ್ರಕಟವಾದ ಚಿತ್ರಕ್ಕೆ 28 ವರ್ಷಗಳ ನಂತರ ಸ್ವಾಮ್ಯವನ್ನು ನವೀಕರಿಸಬೇಕಿತ್ತು. ಎಷ್ಟೋ ಕಂಪೆನಿಗಳು ನವೀಕರಿಸಲಿಲ್ಲ. ಚಿತ್ರಗಳು ಗೋಮಾಳ ಸೇರಿದವು. ಹಾಗೆಂದು ಆ ಭಂಡಾರದಲ್ಲಿರುವುದೆಲ್ಲ ಮುಕ್ತವಲ್ಲ. ಅಲ್ಲಿಗೆ ಯಾರು ಬೇಕಾದರೂ ಏನನ್ನಾದರೂ ತಂದು ಹಾಕಬಹುದು.

ಯೂಟ್ಯೂಬ್‌ನಲ್ಲಿಯೂ ಕ್ರಿಯೇಟಿವ್ ಕಾಮನ್ಸ್ ತುಣುಕುಗಳನ್ನು ಮಾತ್ರ ಸೋಸಿ ನೋಡುವ ಸೌಕರ್ಯವಿದೆ. ಆದರೆ ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬಂತೆ, ಬೇರೆಯವರ ಚಿತ್ರ ಕದ್ದು ‘ಎಲ್ಲರೂ ಬಳಸಿ’ ಎಂದು ಬರೆದಿಡುವವರು ಅಲ್ಲಿದ್ದಾರೆ. ತನ್ನದಲ್ಲದ ತೋಟದ ಎಳನೀರನ್ನು ಹಂಚಿದವನು ಹೇಗೆ ತಪ್ಪಿತಸ್ಥನೋ ಕುಡಿದವನೂ ಕಟ್ಟೆಗೆ ಬಂದು ಉತ್ತರ ಹೇಳಬೇಕಾಗುತ್ತದೆ. ಒಂದೇ ವಾಹಿನಿಯಲ್ಲಿ ಆಫ್ರಿಕದ ಸಿಂಹ, ಹಾಲಿವುಡ್ ಸ್ಫೋಟ, ಕ್ರಿಕೆಟ್ ಸಿಕ್ಸರ್ ಮೂರೂ ಇದ್ದರೆ ಅನುಮಾನ ಪಡಿ.

ನಮ್ಮ ಕಾಯಿದೆ

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆ ಜಾರಿಯಲ್ಲಿದೆ. ಅದರಂತೆ ಚಲನಚಿತ್ರವೊಂದರ ಸ್ವಾಮ್ಯ, ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ತೆರೆಕಂಡ ಚಿತ್ರದ ಸ್ವಾಮ್ಯ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಿಂದೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಫಿಲ್ಮ್ಸ್ ಡಿವಿಜನ್‌ನ ವಾರ್ತಾಚಿತ್ರ ತೋರಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಬರಗಾಲಗಳ ಆ ದೃಶ್ಯಗಳೂ ವರ್ಷ ವರ್ಷ ಒಂದೊಂದು ಕಂತಾಗಿ ಸಾರ್ವಜನಿಕ ಸ್ವತ್ತಾಗುತ್ತಿವೆ.

ಇಲ್ಲೊಂದು ವಿಪರ್ಯಾಸವಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ–3 ಚಂದ್ರನ ಮೇಲೆ ಇಳಿದಾಗ ದೇಶದ ಶಾಲೆಗಳೆಲ್ಲ ಕಣ್ಣರಳಿಸಿ ನೋಡಿದವು. ಆದರೆ ಅಮೆರಿಕದಲ್ಲಿರುವಂಥ ವಿನಾಯಿತಿ ನಮ್ಮ ಕಾಯಿದೆಯಲ್ಲಿಲ್ಲ. ಸರ್ಕಾರದ ಕೃತಿಗೂ 60 ವರ್ಷ ಸ್ವಾಮ್ಯವಿದೆ. ಆ ಲೆಕ್ಕದಲ್ಲಿ ಚಂದ್ರಯಾನದ ದೃಶ್ಯ ತಾನಾಗಿ ಗೋಮಾಳವಾಗುವುದು 2083 ಕಳೆದ ಮೇಲೆ! ಕ್ಯೂರಿಯಾಸಿಟಿ ಇಳಿದದ್ದನ್ನು ಕೇಳದೆ ತೋರಿಸಬಲ್ಲ ಮೇಷ್ಟ್ರು, ವಿಕ್ರಮ್ ಇಳಿದದ್ದನ್ನು ತಮ್ಮ ವಿಡಿಯೋದಲ್ಲಿ ಸೇರಿಸುವ ಮೊದಲು ಅನುಮತಿಯ ಮಾತನ್ನು ಓದಬೇಕು. ನಿರಾಶೆ ಬೇಡ. ನಮ್ಮ ಸರ್ಕಾರಿ ಜಾಲತಾಣಗಳಲ್ಲಿ ಸಾಮಾನ್ಯವಾಗಿ ‘ಕೃತಿಸ್ವಾಮ್ಯ ನೀತಿ’ ಎಂಬ ಪುಟವಿರುತ್ತದೆ. ಮೂಲವನ್ನು ಹೆಸರಿಸಿದರೆ ಸಾಕು ಎಂದು ಕೆಲವು ಹೇಳುತ್ತವೆ. ಪತ್ರ ಬರೆದು ಅನುಮತಿ ಪಡೆಯಿರಿ ಎಂದು ಕೆಲವು ಹೇಳುತ್ತವೆ. ಆ ಪುಟವನ್ನು ಓದುವವರೇ ಕಡಿಮೆ.

ತರಗತಿಯೊಳಗೆ ಮಾತ್ರ ಕಾಯಿದೆ ಉದಾರವಾಗಿದೆ. ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರಷ್ಟೇ ಕೂತು ನೋಡುವ ಚಿತ್ರಪ್ರದರ್ಶನಕ್ಕೆ 52ನೇ ಕಲಮು ವಿನಾಯಿತಿ ಕೊಡುತ್ತದೆ. ಆದರೆ ಅದೇ ಚಿತ್ರ ಸೇರಿಸಿ ಯೂಟ್ಯೂಬ್‌ಗೆ ಏರಿಸಿದರೆ ತರಗತಿಯ ಗೋಡೆ ಬಿದ್ದಂತೆ. ನೋಡುವವರು ಈಗ ಇಡೀ ಜಗತ್ತು. ತಿಳಿದೂ ಸ್ವಾಮ್ಯ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ 63ನೇ ಕಲಮು. ಲಾಭದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಬಹುದು.

ರೆಕಾರ್ಡ್ ಬುಕ್

ಜೈಲಿನ ಮಾತು ಅಪರೂಪ. ನಿತ್ಯ ಕಾಡುವುದು ಯೂಟ್ಯೂಬ್‌ನ ಯಂತ್ರ ಪಹರೆ. ದೊಡ್ಡ ಸಂಸ್ಥೆಗಳು ತಮ್ಮ ಕಾರ್ಯಕ್ರಮಗಳನ್ನು ಅದಕ್ಕೆ ಮಾದರಿಯಾಗಿ ಒಪ್ಪಿಸುತ್ತವೆ. ಯಂತ್ರ ಪ್ರತಿ ಮಾದರಿಯ ‘ಬೆರಳಚ್ಚು’ ತೆಗೆದಿಟ್ಟುಕೊಂಡು ಹೊಸದಾಗಿ ಬರುವ ಪ್ರತಿ ವಿಡಿಯೋದೊಡನೆ ಹೋಲಿಸುತ್ತದೆ. ವಾಹಿನಿಯೊಂದು ನಾಸಾ ದೃಶ್ಯವಿರುವ ವಾರ್ತೆಯನ್ನು ಇಡಿಯಾಗಿ ಒಪ್ಪಿಸಿದರೆ ಗೋಮಾಳದ ತುಂಡಿಗೂ ಬೇಲಿ ಬಿದ್ದಂತೆ. ಆಗ ನಿರಪರಾಧಿ ಮೇಷ್ಟ್ರ ಪಾಠ ಸಿಕ್ಕಿಬೀಳುತ್ತದೆ. ಹೀಗೆ ಬರುವ ತಕರಾರಿಗೆ ಆಕ್ಷೇಪ ಸಲ್ಲಿಸಬಹುದು. ಎದುರಿನವರು 30 ದಿನಗಳೊಳಗೆ ಉತ್ತರಿಸಬೇಕು. ಕಾಯಿದೆಬದ್ಧ ನೋಟಿಸಿನ ಮೇಲೆ ಬೀಳುವ ‘ಸ್ಟ್ರೈಕ್’ ಇದಕ್ಕಿಂತ ಗಂಭೀರ. 90 ದಿನಗಳೊಳಗೆ ಮೂರು ಬಿದ್ದರೆ ವಾಹಿನಿಯೇ ರದ್ದಾಗಬಹುದು. ಐದು ವರ್ಷದ ಪಾಠಗಳು ಒಂದೇ ದಿನ ಹೋದಾವು.

ಆಕ್ಷೇಪಕ್ಕೆ ಬಲ ಕೊಡುವುದು ದಾಖಲೆ ಮಾತ್ರ. ಜಮೀನಿನ ತಕರಾರಿನಲ್ಲಿ ಪಹಣಿ ಇದ್ದವನು ಗೆದ್ದ. ವಿಜ್ಞಾನದ ಮಕ್ಕಳು ಪ್ರಯೋಗಕ್ಕೊಂದು ರೆಕಾರ್ಡ್ ಬುಕ್ ಇಡುವಂತೆ ಪ್ರತಿ ತುಣುಕಿಗೂ ಒಂದು ಸಾಲು ಬರೆದಿಡಿ: ಶೀರ್ಷಿಕೆ, ರಚಿಸಿದವರ ಹೆಸರು, ಸಿಕ್ಕ ಜಾಗ, ಪರವಾನಗಿ, ಇಳಿಸಿಕೊಂಡ ತಾರೀಕು. ಪರವಾನಗಿ ಪುಟದ ಒಂದು ಚಿತ್ರವನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ. ತಾರೀಕು ಯಾಕೆಂದರೆ ಫಲಕಗಳು ಬದಲಾಗುತ್ತವೆ. ಪಿಕ್ಸಾಬೇ 2019ರ ಜನವರಿಯವರೆಗೆ ಸಿಸಿ ಸೊನ್ನೆಯಲ್ಲಿ ಕೊಡುತ್ತಿತ್ತು. ಆಮೇಲೆ ತನ್ನದೇ ಷರತ್ತು ತಂದಿತು. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಒಮ್ಮೆ ಕೊಟ್ಟ ಅನುಮತಿಯನ್ನು, ಷರತ್ತು ಪಾಲಿಸಿದವರಿಂದ ಹಿಂದಕ್ಕೆ ಪಡೆಯುವಂತಿಲ್ಲ. ಆದರೆ ಕೊಟ್ಟಿದ್ದರು ಎಂಬುದಕ್ಕೆ ಸಾಕ್ಷಿ ಬೇಕಲ್ಲ!

ಇನ್ನೊಂದು ಎಚ್ಚರಿಕೆ ಕಾಯಿದೆಯದಲ್ಲ, ವಿಜ್ಞಾನದ್ದು. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಡದ್ದು ಕಂಕಣ ಗ್ರಹಣ. ಅದರ ಪಾಠಕ್ಕೆ 2017ರಲ್ಲಿ ಅಮೆರಿಕದಲ್ಲಿ ಆದ ಖಗ್ರಾಸ ಗ್ರಹಣದ ನಾಸಾ ದೃಶ್ಯ ಅಂಟಿಸಿದರೆ ಕಾಯಿದೆ ತೆಪ್ಪಗಿರುತ್ತದೆ, ಪಾಠ ಮಾತ್ರ ಸುಳ್ಳಾಗುತ್ತದೆ. ಕಂಕಣದಲ್ಲಿ ಸೂರ್ಯನ ಅಂಚು ಉಂಗುರವಾಗಿ ಉರಿಯುತ್ತಲೇ ಇರುವುದರಿಂದ ಅದರ ಸುತ್ತಲಿನ ಪ್ರಭಾವಲಯ ಬರಿಗಣ್ಣಿಗೆ ಕಾಣುವುದೇ ಇಲ್ಲ. ಸಿಕ್ಕಿದ ಚಿತ್ರ ಬೇಕಾದ ಚಿತ್ರವೇ ಆಗಿರಬೇಕೆಂದಿಲ್ಲ.

ಅಂದು ಕರಾವಳಿಯಲ್ಲಿ ಮರಗಳ ಕೆಳಗೆ ನೋಡಿದವರಿಗೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಚುಕ್ಕೆಗಳಾಗಿ ಅಲ್ಲ, ಪುಟ್ಟ ಪುಟ್ಟ ಉಂಗುರಗಳಾಗಿ ನೆಲದ ಮೇಲೆ ಕಂಡಿರಬೇಕು. ಅದನ್ನು ಫೋನಿನಲ್ಲಿ ಹದಿನೈದು ಸೆಕೆಂಡು ಹಿಡಿದವರು ಅದರ ಒಡೆಯರೇ. ಅದಕ್ಕೆ ಪರವಾನಗಿ ಬೇಕಿಲ್ಲ. ಬದಲಿಗೆ ಅವರೇ ಕೊಡಬಹುದು. ಗೋಮಾಳದಲ್ಲಿ ಎಲ್ಲರೂ ಮೇಯಿಸುತ್ತ ಯಾರೂ ಒಂದು ಗಿಡ ನೆಡದಿದ್ದರೆ ಅದು ಎಷ್ಟು ದಿನ ಹಸಿರಾಗಿದ್ದೀತು? ರಾಗಿ ಕಣ, ಗೀಜಗನ ಗೂಡು, ಮುಂಗಾರಿನ ಮೊದಲ ಮಳೆಗೆ ಏಳುವ ಈಚಲು ಹುಳು – ಇವನ್ನು ನಾಸಾ ಚಿತ್ರಿಸಿ ಕೊಡುವುದಿಲ್ಲ. ಊರಿನ ಮೇಷ್ಟ್ರೇ ಚಿತ್ರಿಸಿ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬೇಕು.

2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಮತ್ತೊಂದು ಕಂಕಣ ಹಾದುಹೋಗಲಿದೆ. ನಮ್ಮಲ್ಲಿ ಅದು ಪಾರ್ಶ್ವ ಗ್ರಹಣ. ಮರದ ನೆರಳಲ್ಲಿ ಅಂದು ಉಂಗುರದ ಬದಲು ಕುಡುಗೋಲಿನಂಥ ಬಿಸಿಲು ಬೀಳುತ್ತದೆ. ಮೋಡವಿಲ್ಲದಿದ್ದರೆ ಶಾಲೆಯ ಅಂಗಳದಲ್ಲಿ ಒಂದು ಫೋನು ಸಾಕು.