ಇಲ್ಲಿಯೇ ಹುಟ್ಟಿದ ಪರದೇಶಿಗಳು

ಕನ್ನಡದ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಹೊರನಾಡಿನವನು ಎಂಬುದೊಂದು; ದಿಕ್ಕಿಲ್ಲದವನು ಎಂಬುದು ಇನ್ನೊಂದು. ನಮ್ಮ ಹಿರಿಯರು ಇವೆರಡನ್ನೂ ಒಂದೇ ಪದದಲ್ಲಿ ಕಟ್ಟಿಟ್ಟುದು ಆಕಸ್ಮಿಕವಲ್ಲವೆಂದು ನನಗೆ ಈಚೆಗೆ ತೋರುತ್ತಿದೆ.

ಯಶವಂತಪುರದಿಂದ ಹೆಬ್ಬಾಳದವರೆಗೆ ಓಡಾಡುವ ಬಸ್ಸುಗಳಲ್ಲಿ, ಆಸ್ಪತ್ರೆ, ಅಂಗಡಿ, ಕಚೇರಿಗಳಲ್ಲಿ ದುಡಿಯುವ ಟಿಬೆಟ್ಟಿನ ತರುಣ ತರುಣಿಯರನ್ನು ನಾನು ಆಗಾಗ ಕಾಣುತ್ತೇನೆ. ಟಿಬೆಟ್ಟಿನವರೆಂದು ನಾವು ಕರೆಯುತ್ತೇವೆಯೇ ಹೊರತು ಅವರಲ್ಲಿ ಬಹುಮಂದಿ ಆ ನಾಡನ್ನು ಕಣ್ಣಾರೆ ಕಂಡವರಲ್ಲ. ಅವರು ಬಲ್ಲ ಮಣ್ಣು ಪಿರಿಯಾಪಟ್ಟಣ ತಾಲ್ಲೂಕಿನ ಮುಸುಕಿನ ಜೋಳದ ಹೊಲದ್ದು. ಅವರ ಕನ್ನಡದಲ್ಲಿರುವುದು ಕುಶಾಲನಗರದ ಸಂತೆಯ ಸೊಗಡು.

1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೆ ಹಿಮಾಲಯವನ್ನು ದಾಟಿ ಬಂದ ಜನಕ್ಕೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ನೆಲವನ್ನು ಒದಗಿಸಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳ ಕಡೆಯೂ ನೆಲೆಗಳಾದವು. ಇದನ್ನು ನೆನೆದು ನಾವು ಹೆಮ್ಮೆಪಡುವುದು ನ್ಯಾಯವೇ. ಆದರೆ ಆ ನೆಲದಲ್ಲಿ ಹುಟ್ಟಿದ ಮಕ್ಕಳಿಗೆ ನಾವು ಕೊಟ್ಟುದೇನು?

ನಮ್ಮ ಪೌರತ್ವ ಕಾನೂನಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಭಾರತೀಯ. ಇದು ಟಿಬೆಟ್ಟಿನವರಿಗೂ ಸಲ್ಲುವುದೆಂದು 2010ರಲ್ಲಿ ದೆಹಲಿಯ, 2013ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯಗಳು ಹೇಳಿದುವು. ಆ ದಿನಾಂಕದ ಈಚೆಗೆ ಹುಟ್ಟಿದವರಿಗೆ ತಂದೆಯದೋ ತಾಯಿಯದೋ ಪೌರತ್ವದ ಆಸರೆ ಬೇಕು; 2004ರಿಂದ ಅದೂ ಬಿಗಿಯಾಗಿದೆ. ತಂದೆತಾಯಿಗಳಿಬ್ಬರೂ ಟಿಬೆಟ್ಟಿನಲ್ಲಿ ಹುಟ್ಟಿ ಬಂದವರಾದರೆ, 1987ರ ಜೂನ್ ತಿಂಗಳಲ್ಲಿ ಹುಟ್ಟಿದ ಅಣ್ಣ ಪ್ರಜೆ. ಮರುವರ್ಷ ಅದೇ ಮನೆಯಲ್ಲಿ ಹುಟ್ಟಿದ ತಂಗಿ ಪರದೇಶಿ. ಆಕೆಯ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ಒಂದು ನೋಂದಣಿ ಪತ್ರ.

ನಾನು ಬಲ್ಲ ದಾದಿಯೊಬ್ಬಳು ಹೆಬ್ಬಾಳದ ಕಡೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಕೆಲಸಕ್ಕೆ ಸೇರುವಾಗ ತನ್ನ ಅಂಕಪಟ್ಟಿಯನ್ನು ಎರಡು ನಿಮಿಷದಲ್ಲಿ ಒಪ್ಪಿದವರು ಈ ಪತ್ರವನ್ನು ಮಾತ್ರ ಎರಡು ವಾರ ತಿರುವಿಹಾಕಿದರೆಂದು ಆಕೆ ನಗುತ್ತಲೇ ಹೇಳಿದಳು. ಆಕೆಯ ಕೆಲಸಕ್ಕೆ ಕಾನೂನಿನ ಅಡ್ಡಿಯಿಲ್ಲ. ಅರ್ಹತೆಯುಳ್ಳ ಟಿಬೆಟ್ಟಿನವರು ದಾದಿಯರಾಗಿ, ಶಿಕ್ಷಕರಾಗಿ, ಎಂಜಿನಿಯರರಾಗಿ ದುಡಿಯಬಹುದೆಂಬುದು 2014ರ ಕೇಂದ್ರದ ಪುನರ್ವಸತಿ ನೀತಿಯ ಆಶಯವೇ ಆಗಿದೆ. ಅದನ್ನು ಓದಿದ ಗುಮಾಸ್ತರು ಎಷ್ಟು ಮಂದಿ? ಗೊತ್ತಿಲ್ಲದ ಕಾಗದ ಗುಮಾಸ್ತನಿಗೆ ಹಾವಿನಷ್ಟೇ ಭಯಂಕರ.

ನಾನಿರುವ ಆರ್.ಟಿ. ನಗರದ ಬೀದಿಯನ್ನು ರಾತ್ರಿ ಕಾಯುವವನು ನೇಪಾಳದ ತರುಣ. 1950ರ ಒಪ್ಪಂದದ ಬಲದಿಂದ ಅವನು ವೀಸಾ ಇಲ್ಲದೆ ಬಂದು ದುಡಿಯುತ್ತಾನೆ. ಅವನು ಸುಖವಾಗಿರಲಿ, ಅವನ ಮೇಲೆ ನನಗೆ ಅಸೂಯೆಯಿಲ್ಲ. ದುಡಿಮೆಯ ಹಕ್ಕಿಗೆ ಪೌರತ್ವವೇ ಬೇಕೆಂದಿಲ್ಲವೆಂಬುದಕ್ಕೆ ಅವನು ಸಾಕ್ಷಿಯಷ್ಟೆ.

ಪೌರತ್ವ ಪಡೆದರೆ ತಾಯ್ನಾಡಿನ ಹಂಬಲ ಸಡಿಲವಾದೀತೆಂದು ಅಂಜುವ ಹಿರಿಯರು ಟಿಬೆಟ್ಟಿನವರಲ್ಲಿಯೇ ಇದ್ದಾರೆ. ಆ ಅಳುಕು ಗೌರವಕ್ಕೆ ತಕ್ಕುದೇ. ಆದರೂ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವವರು ಇಲ್ಲಿ ಹುಟ್ಟಿದ ಮಕ್ಕಳೇ ಆಗಬೇಡವೇ? ಆ ದೊಡ್ಡ ಮಾತು ದೆಹಲಿಯಲ್ಲಿ ತೀರ್ಮಾನವಾಗಬೇಕಾದುದು. ಅಷ್ಟರಲ್ಲಿ ನಮ್ಮ ರಾಜ್ಯದ ಕಾರ್ಮಿಕ ಇಲಾಖೆ, ಈ ನೋಂದಣಿ ಪತ್ರವುಳ್ಳವರನ್ನು ಕೆಲಸಕ್ಕಿಟ್ಟುಕೊಳ್ಳಲು ಅಡ್ಡಿಯಿಲ್ಲವೆಂದು ಕನ್ನಡದಲ್ಲಿ ಒಂದು ಪುಟದ ಸುತ್ತೋಲೆಯನ್ನು ಹೊರಡಿಸಬಹುದು. ಖರ್ಚು ಕಾಗದದ್ದು ಮಾತ್ರ.

ನೆಲೆಗಳಿಂದ ತರುಣರು ಕೆನಡಾ, ಅಮೆರಿಕ, ಯೂರೋಪುಗಳಿಗೆ ಹೊರಟುಹೋಗುತ್ತಿದ್ದಾರೆ. ನಾನು ಹೇಳಿದ ದಾದಿಯೂ ರಾತ್ರಿ ಪಾಳಿ ಮುಗಿಸಿ ಬಂದು, ಮಲಗುವ ಮುನ್ನ ಒಂದು ಗಂಟೆ ಜರ್ಮನ್ ಭಾಷೆ ಕಲಿಯುತ್ತಾಳೆ.